ಯೂನಿಫಾರಂ ಒಗೆಯಲು ಕೊಟ್ಟ ದುಡ್ಡು ಆದಾಯ ಹೇಗಾಯ್ತು?

ಮಾನ್ಯ ಸಂಪಾದಕರೇ,

ನಾನು ಬೆಂಗಳೂರಿನ ಒಂದು ಕೇಂದ್ರ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್. ಆದಾಯ ತೆರಿಗೆ ರಿಟರ್ನ್ ಹಾಕುವ ಕಾಲ ಬಂತು ಅಂದರೆ ನಮ್ಮ ಡ್ಯೂಟಿ ರೂಮಿನಲ್ಲಿ ಬೇರೆ ಮಾತೇ ಇರುವುದಿಲ್ಲ. ಯಾರಿಗೆ ಎಷ್ಟು ಕಟ್ ಆಯ್ತು, ಹಳೇ ಪದ್ಧತಿ ಒಳ್ಳೇದಾ ಹೊಸದಾ, ಇದೇ ಚರ್ಚೆ. ಆ ಗದ್ದಲದಲ್ಲಿ ಯಾರೂ ಜಾಸ್ತಿ ಗಮನ ಕೊಡದ ಒಂದು ಸಣ್ಣ ವಿಷಯದ ಬಗ್ಗೆ ಈ ಪತ್ರ. ಸಂಬಳದ ಚೀಟಿಯಲ್ಲಿ ಡ್ರೆಸ್ ಅಲೋಯನ್ಸ್ ಅಂತ ಒಂದು ಸಾಲು ಬರುತ್ತದಲ್ಲ, ಅದರ ಬಗ್ಗೆ. ಯೂನಿಫಾರಂ ಹೊಲಿಸಲು, ಒಗೆಯಲು, ಇಸ್ತ್ರಿ ಮಾಡಿಸಲು ಅಂತಲೇ ಕೊಡುವ ದುಡ್ಡು ಅದು. ಖರ್ಚು ಮಾಡಿದಷ್ಟಕ್ಕೆ ಮೊದಲು ತೆರಿಗೆ ಇರಲಿಲ್ಲ. ದರವೂ ವಿನಾಯಿತಿಯೂ ಕಡಿಮೆ ಇರುವ ಹೊಸ ತೆರಿಗೆ ಪದ್ಧತಿಗೆ ಬಂದವರಿಗೆ ಈಗ ಪೂರ್ತಿ ತೆರಿಗೆ ಇದೆ. ಇದು ತಪ್ಪು. ಸರಿಪಡಿಸುವುದೂ ಕಷ್ಟವಿಲ್ಲ. ಎರಡನ್ನೂ ವಿವರವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ಮೊದಲು ಒಂದು ಲೆಕ್ಕ. ಇದು 2025-26ನೇ ಹಣಕಾಸು ವರ್ಷದ ದರದಲ್ಲಿ ಮಾಡಿದ್ದು.

ಏಳನೇ ಕೇಂದ್ರ ವೇತನ ಆಯೋಗದ ಶಿಫಾರಸಿನ ಮೇಲೆ 2017ರ ಜುಲೈನಿಂದ ಕೇಂದ್ರ ಸರ್ಕಾರಿ ಆಸ್ಪತ್ರೆಗಳ ನರ್ಸ್‌ಗಳಿಗೆ ತಿಂಗಳಿಗೆ 1,800 ರೂಪಾಯಿ ಡ್ರೆಸ್ ಅಲೋಯನ್ಸ್ ನಿಗದಿಯಾಯಿತು. ತುಟ್ಟಿಭತ್ಯೆ ಶೇ 50 ಮುಟ್ಟಿದಾಗ ಇದು ಶೇ 25 ಏರಬೇಕು ಅಂತಲೂ ಆದೇಶದಲ್ಲಿತ್ತು. 2024ರ ಜನವರಿಗೆ ತುಟ್ಟಿಭತ್ಯೆ ಶೇ 50 ಆಯಿತು, ಅಲೋಯನ್ಸ್ 2,250 ಆಯಿತು. ವರ್ಷಕ್ಕೆ 27,000. ಈಗ ಇದೂ ಸೇರಿ ವರ್ಷಕ್ಕೆ ಒಟ್ಟು 13 ಲಕ್ಷ ಸಂಬಳ ಬರುವ ಒಬ್ಬ ಸಿಸ್ಟರ್ ಇದ್ದಾರೆ ಅಂದುಕೊಳ್ಳಿ. ಕ್ವಾರ್ಟರ್ಸ್‌ನಲ್ಲಿ ಇರುವ, ಹತ್ತು ಹನ್ನೆರಡು ವರ್ಷ ಸರ್ವಿಸ್ ಆದವರ ಸಂಬಳ ಇದರ ಆಸುಪಾಸಿನಲ್ಲೇ ಇರುತ್ತದೆ. ಹೊಸ ಪದ್ಧತಿಯಲ್ಲಿ ಸಂಬಳದವರಿಗೆಲ್ಲ ಬಿಲ್ಲು ಕೇಳದೆ ಕಳೆಯುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 12 ಲಕ್ಷ 25 ಸಾವಿರ. ತೆರಿಗೆ ಇಲ್ಲದ ಮಿತಿ 12 ಲಕ್ಷ. ಮಿತಿ ಸ್ವಲ್ಪವೇ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಅಂತ ಇದೆ, ಅದರ ಪ್ರಕಾರ 12 ಲಕ್ಷದ ಮೇಲೆ ಎಷ್ಟು ಬಂದಿದೆಯೋ ಅದಕ್ಕಿಂತ ಹೆಚ್ಚು ತೆರಿಗೆ ಹಾಕುವ ಹಾಗಿಲ್ಲ. ಅಂದರೆ 25,000 ತೆರಿಗೆ, ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಸೆಸ್ ಶೇ 4, ಒಟ್ಟು 26,000.

ಈಗ ಆ 27,000 ಡ್ರೆಸ್ ಅಲೋಯನ್ಸನ್ನು ಆದಾಯದಿಂದ ತೆಗೆದು ನೋಡಿ. 11 ಲಕ್ಷ 98 ಸಾವಿರ ಆಗುತ್ತದೆ. ತೆರಿಗೆ ಸೊನ್ನೆ.

ಆ ಸಿಸ್ಟರ್ 26,000 ತೆರಿಗೆ ಕಟ್ಟುತ್ತಿರುವುದು ಯೂನಿಫಾರಂ ದುಡ್ಡಿಗಾಗಿ, ಬೇರೆ ಯಾವುದಕ್ಕೂ ಅಲ್ಲ. ಸರ್ಕಾರ ಒಂದು ಕೈಯಲ್ಲಿ 27,000 ಕೊಟ್ಟು ಇನ್ನೊಂದು ಕೈಯಲ್ಲಿ 26,000 ವಾಪಸ್ ತೆಗೆದುಕೊಂಡಿತು. ಉಳಿದದ್ದು ಒಂದು ಸಾವಿರ. ತಿಂಗಳಿಗೆ 83 ರೂಪಾಯಿ. ಅದರಲ್ಲಿ ಬಟ್ಟೆ ಕೊಳ್ಳಬೇಕು, ಹೊಲಿಸಬೇಕು, ಬಿಳಿ ಶೂ ತಗೋಬೇಕು, ವರ್ಷಪೂರ್ತಿ ಒಗೆದು ಇಸ್ತ್ರಿ ಮಾಡಬೇಕು.

ಇದು ಎಲ್ಲರ ಪರಿಸ್ಥಿತಿಯೂ ಅಲ್ಲ, ಒಪ್ಪುತ್ತೇನೆ. ಕಳೆಯುವುದನ್ನೆಲ್ಲ ಕಳೆದ ಮೇಲೆ ಆದಾಯ 12 ಲಕ್ಷದ ಒಳಗೆ ಇದ್ದವರಿಗೆ ಹೇಗೂ ತೆರಿಗೆ ಇಲ್ಲ. ಸುಮಾರು 12 ಲಕ್ಷ 70 ಸಾವಿರ ದಾಟಿದರೆ ಮಾರ್ಜಿನಲ್ ರಿಲೀಫ್ ಮುಗಿಯುತ್ತದೆ, ಆಗ 16 ಲಕ್ಷದವರೆಗಿನವರಿಗೆ ಈ 27,000ದ ಮೇಲೆ ಶೇ 15ರ ಲೆಕ್ಕದಲ್ಲಿ ಸೆಸ್ ಸೇರಿ 4,212 ರೂಪಾಯಿ ಬೀಳುತ್ತದೆ. ಅಷ್ಟೇನಾ ಅನ್ನಬಹುದು. ಆದರೆ ಆ ನಡುವಿನ 70 ಸಾವಿರದ ಅಂತರದಲ್ಲಿ ಸಿಕ್ಕಿಕೊಂಡವರ ಗತಿ ನೋಡಿ. ನಮ್ಮಲ್ಲಿ ಪ್ರತಿ ಆರು ತಿಂಗಳಿಗೆ ತುಟ್ಟಿಭತ್ಯೆ ಏರುತ್ತದೆ, ಜುಲೈಗೋ ಜನವರಿಗೋ ಇನ್‌ಕ್ರಿಮೆಂಟ್ ಬರುತ್ತದೆ. ಇವತ್ತು ಮಿತಿಯ ಕೆಳಗೆ ಇರುವವರು ನಾಳೆ ಆ ಅಂತರದೊಳಗೆ ಬಂದೇ ಬರುತ್ತಾರೆ. ಮಿತಿ ದಾಟಿದ ಆದಾಯದಲ್ಲಿ ಇನ್‌ಕ್ರಿಮೆಂಟ್ ಇದ್ದರೆ ಸರಿ, ಅದು ನಮ್ಮ ಆದಾಯವೇ, ತೆರಿಗೆ ಕಟ್ಟೋಣ. ಸೋಪಿನ ದುಡ್ಡು ಯಾಕೆ ಆ ಲೆಕ್ಕದಲ್ಲಿ ಬರಬೇಕು?

ಆದಾಯ ಅಂದರೆ ನಾನು ನನಗೆ ಬೇಕಾದ್ದಕ್ಕೆ ಖರ್ಚು ಮಾಡಬಹುದಾದ ದುಡ್ಡು. ಡ್ರೆಸ್ ಅಲೋಯನ್ಸ್ ಹಾಗಲ್ಲ. ಯೂನಿಫಾರಂ ಇಲ್ಲದೆ ವಾರ್ಡಿಗೆ ಬರುವ ಹಾಗಿಲ್ಲ. ಕಲೆ ಇರುವ ಯೂನಿಫಾರಂ ಹಾಕಿಕೊಂಡು ಬಂದರೆ ರೌಂಡ್ಸ್‌ನಲ್ಲೇ ಮಾತು ಕೇಳಬೇಕು. ಆ ಬಟ್ಟೆಯನ್ನು ಹಾಕಿಕೊಂಡು ನಾನು ಮದುವೆಗೆ ಹೋಗುವುದಿಲ್ಲ, ಸಂತೆಗೂ ಹೋಗುವುದಿಲ್ಲ. ಅದು ಕೆಲಸದ ಸಾಮಾನು, ಸಿರಿಂಜು ಗ್ಲೌಸ್ ಇದ್ದ ಹಾಗೆ. ಆಸ್ಪತ್ರೆಯೇ ನಮ್ಮ ಯೂನಿಫಾರಂ ಹೊಲಿಸಿಕೊಟ್ಟು ಬೆಡ್‌ಶೀಟ್‌ಗಳ ಜೊತೆ ತನ್ನ ಲಾಂಡ್ರಿಯಲ್ಲೇ ಒಗೆಸಿಕೊಟ್ಟಿದ್ದರೆ ಅದನ್ನು ಯಾರೂ ನಮ್ಮ ಆದಾಯಕ್ಕೆ ಸೇರಿಸುತ್ತಿರಲಿಲ್ಲ. ಅದೇ ಕೆಲಸವನ್ನು ನೀವೇ ಮನೆಯಲ್ಲಿ ಮಾಡಿಕೊಳ್ಳಿ, ದುಡ್ಡು ಕೊಡುತ್ತೇವೆ ಅಂದಾಗ ಮಾತ್ರ ಅದು ಆದಾಯವಾಗಿಬಿಡುತ್ತದೆ.

ಮನೆಯಲ್ಲಿ ಒಗೆಯುವುದು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಬೇಕು. ಕ್ಯಾಶುಯಾಲ್ಟಿ ಡ್ಯೂಟಿ ಮುಗಿಸಿ ಬಂದ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ಮೆಷಿನ್ನಿಗೆ ಹಾಕಲು ಆಗುವುದಿಲ್ಲ. ಅದಕ್ಕೆ ಬೇರೆ ಬಕೆಟ್ ಇರುತ್ತದೆ, ಬಚ್ಚಲುಮನೆಯ ಮೂಲೆಯಲ್ಲಿ, ಅದನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವುದಿಲ್ಲ. ರಕ್ತದ ಕಲೆ ಇದ್ದರೆ ಮೊದಲು ತಣ್ಣೀರಿನಲ್ಲಿ ನೆನೆಸಬೇಕು. ಅವಸರಕ್ಕೆ ಬಿಸಿನೀರು ಹಾಕಿದರೆ ಕಲೆ ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ಕಲೆ ಬಿಟ್ಟ ಮೇಲೆ ಸೋಪಿನ ಪುಡಿ ಹಾಕಿ ಬಿಸಿನೀರು. ಬೆಟಾಡಿನ್ ಬಿದ್ದರೆ ಅದರ ಕಥೆಯೇ ಬೇರೆ, ಕಂದು ಬಣ್ಣ ಹಳದಿಯಾಗುತ್ತದೆ, ಹಳದಿ ಹೋಗಲು ಇನ್ನೊಂದು ಸುತ್ತು ತಿಕ್ಕಬೇಕು. ಬಿಳಿ ಬಟ್ಟೆಯಾದರೆ ಬ್ಲೀಚ್ ಹಾಕಬಹುದು, ಬಣ್ಣದ ಸ್ಕ್ರಬ್ಸ್ ಆದರೆ ಬ್ಲೀಚಿಗೆ ತೇಪೆ ತೇಪೆ ಬಿಳಿಚಿಕೊಳ್ಳುತ್ತದೆ. ಕೊನೆಗೆ ಡೆಟಾಲ್, ಬಿಳಿ ಇದ್ದರೆ ಉಜಾಲಾ. ಮಳೆಗಾಲದಲ್ಲಿ ಒಣಗುವುದಿಲ್ಲ, ಹಾಗಾಗಿ ಎರಡು ಜೊತೆ ಸಾಕಾಗುವುದಿಲ್ಲ, ಮೂರು ನಾಲ್ಕು ಜೊತೆ ಬೇಕು. ಹೀಗೆ ದಿನಾ ತಿಕ್ಕಿಸಿಕೊಂಡ ಬಟ್ಟೆ ಎಷ್ಟು ದಿನ ಬಾಳುತ್ತದೆ ಹೇಳಿ. ಕಾಲರ್ ಮತ್ತು ಜೇಬಿನ ಅಂಚು ಮೊದಲು ಪಿಸಿಯುತ್ತದೆ, ಜೇಬಿನಲ್ಲಿ ಪೆನ್ನು, ಕತ್ತರಿ, ಪ್ಲಾಸ್ಟರ್ ಎಲ್ಲ ತುಂಬಿಕೊಂಡು ಓಡಾಡುತ್ತೇವಲ್ಲ, ಅದಕ್ಕೆ.

ನಮ್ಮದು ಮಾತ್ರ ಅಂತಲ್ಲ. ಹುಬ್ಬಳ್ಳಿ ಕಡೆಯ ರೈಲ್ವೆ ಲೋಕೋ ಪೈಲಟ್‌ಗಳನ್ನು ಕೇಳಿ, ಕ್ಯಾಸಲ್‌ರಾಕ್ ಘಾಟಿಯಲ್ಲಿ ಮಳೆಗೆ ನೆನೆಯುತ್ತಾ ಹಳಿ ನೋಡುವ ಟ್ರ್ಯಾಕ್‌ಮನ್‌ಗಳನ್ನು ಕೇಳಿ. 2017ರ ಆದೇಶದಲ್ಲಿ ಇವರಿಗೆ ನಿಗದಿಯಾಗಿದ್ದು ವರ್ಷಕ್ಕೆ 5,000. ಸೇನೆಯ ಅಧಿಕಾರಿಗಳಿಗೆ 20,000. ಮೊದಲು ಬಟ್ಟೆಗೆ ಬೇರೆ, ಶೂಗೆ ಬೇರೆ, ಒಗೆಯುವುದಕ್ಕೆ ಬೇರೆ ಅಂತ ಚೂರುಚೂರಾಗಿ ಬರುತ್ತಿದ್ದ ಭತ್ಯೆಗಳನ್ನೆಲ್ಲ ಆಗ ಒಟ್ಟು ಮಾಡಿ ಒಂದೇ ಡ್ರೆಸ್ ಅಲೋಯನ್ಸ್ ಮಾಡಿದರು. ಅಂದರೆ ಇದರೊಳಗೆ ಒಗೆಯುವ ಖರ್ಚೂ ಇದೆ ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಕೊಡಗಿನಲ್ಲಿ ಸೇನೆಗೆ ಮಕ್ಕಳನ್ನು ಕಳಿಸಿದ ಮನೆಗಳು ಎಷ್ಟಿವೆ ಅಂತ ನಿಮ್ಮ ಓದುಗರಿಗೆ ನಾನು ಹೇಳಬೇಕಿಲ್ಲ, ಇದು ಅವರ ವಿಷಯವೂ ಹೌದು.

ಈಗ ಕಾನೂನಿಗೆ ಬರೋಣ. ನನ್ನ ಮುಖ್ಯ ತಕರಾರು ಇರುವುದು ಇಲ್ಲಿ.

2025-26ನೇ ಹಣಕಾಸು ವರ್ಷದವರೆಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 10(14)ನೇ ಸೆಕ್ಷನ್ ಒಂದು ಒಳ್ಳೆಯ ತತ್ವ ಹೇಳುತ್ತದೆ. ಕೆಲಸ ಮಾಡಲು ತಗಲುವ ಖರ್ಚಿಗೆ ಅಂತಲೇ ಕೊಟ್ಟ ಭತ್ಯೆ, ಆ ಖರ್ಚಿಗೆ ಬಳಕೆಯಾದಷ್ಟು, ಆದಾಯವಲ್ಲ. ಯಾವ ಯಾವ ಭತ್ಯೆ ಅಂತ ನಿಯಮ 2ಬಿಬಿಯಲ್ಲಿ ಪಟ್ಟಿ ಇದೆ. ಆರು ಇವೆ. ಪ್ರವಾಸ ಅಥವಾ ವರ್ಗಾವಣೆಯ ಪ್ರಯಾಣ ಖರ್ಚು. ಪ್ರವಾಸದಲ್ಲಿ ಇದ್ದಾಗಿನ ದಿನಭತ್ಯೆ. ಕೆಲಸದ ಮೇಲೆ ಓಡಾಡುವ ಖರ್ಚು. ಸಹಾಯಕರನ್ನು ಇಟ್ಟುಕೊಂಡ ಖರ್ಚು. ಅಧ್ಯಯನ ಮತ್ತು ಸಂಶೋಧನೆಯ ಖರ್ಚು. ಆರನೆಯದು ಯೂನಿಫಾರಂ ಕೊಳ್ಳುವ ಮತ್ತು ನಿರ್ವಹಿಸುವ ಖರ್ಚು. ಆರಕ್ಕೂ ಒಂದೇ ತತ್ವ, ಒಂದೇ ನಿಯಮ.

2020ರ ಬಜೆಟ್‌ನಲ್ಲಿ ಹೊಸ ತೆರಿಗೆ ಪದ್ಧತಿ ಬಂತು. ದರ ಕಡಿಮೆ, ವಿನಾಯಿತಿ ಕಡಿಮೆ. ಅದು ಸರಿ. ಉಳಿತಾಯಕ್ಕೆ ಸಿಗುವ 80ಸಿ ಬೇಡ, ಮನೆ ಬಾಡಿಗೆ ವಿನಾಯಿತಿ ಬೇಡ, ಒಪ್ಪೋಣ, ಅವೆಲ್ಲ ಸರ್ಕಾರ ಕೊಟ್ಟ ರಿಯಾಯಿತಿಗಳು. ಆದರೆ ಕೆಲಸದ ಖರ್ಚನ್ನು ಆದಾಯ ಅಂತ ಲೆಕ್ಕ ಹಾಕಬಾರದು ಅನ್ನುವುದು ರಿಯಾಯಿತಿ ಅಲ್ಲ. ಇದು ಸರ್ಕಾರಕ್ಕೂ ಗೊತ್ತಿತ್ತು. ಗೊತ್ತಿದ್ದರಿಂದಲೇ 2020ರ ಜೂನ್ 26ರಂದು ಕೇಂದ್ರ ನೇರ ತೆರಿಗೆಗಳ ಮಂಡಳಿ ಅಧಿಸೂಚನೆ ಹೊರಡಿಸಿ, ಈ ಆರರಲ್ಲಿ ಮೊದಲ ಮೂರನ್ನು, ಜೊತೆಗೆ ಅಂಗವಿಕಲ ನೌಕರರ ಸಾರಿಗೆ ಭತ್ಯೆಯನ್ನು ಹೊಸ ಪದ್ಧತಿಯಲ್ಲೂ ಉಳಿಸಿತು. ಕೊನೆಯ ಮೂರನ್ನು ಬಿಟ್ಟಿತು. ಯೂನಿಫಾರಂ ಹೋಯಿತು.

ಆ ತಾರೀಕು ಇನ್ನೊಮ್ಮೆ ಓದಿ. 2020ರ ಜೂನ್. ಕೋವಿಡ್ ವಾರ್ಡುಗಳಿಂದ ಮನೆಗೆ ಬಂದ ನರ್ಸ್‌ಗಳು ಬಾಗಿಲ ಹೊರಗೇ ಬಟ್ಟೆ ಬದಲಿಸಿ, ಬಕೆಟ್ ಹೊರಗೇ ಇಟ್ಟು, ಮಕ್ಕಳನ್ನು ಮುಟ್ಟದೆ ಒಳಗೆ ಹೋಗುತ್ತಿದ್ದ ತಿಂಗಳು ಅದು. ಬೇಕಂತಲೇ ಮಾಡಿದರು ಅಂತ ನಾನು ಹೇಳುವುದಿಲ್ಲ. ಆದರೆ ಆ ಪಟ್ಟಿಯನ್ನು ಬರೆಯುವಾಗ ಯೂನಿಫಾರಂ ಅಂದರೆ ಏನು ಅಂತ ಯಾರಾದರೂ ಒಂದು ನಿಮಿಷ ಯೋಚಿಸಿದ್ದರೆ ಈ ಆರನೇ ಸಾಲು ಬಿಟ್ಟುಹೋಗುತ್ತಿರಲಿಲ್ಲ.

ಆಗ ಹೊಸ ಪದ್ಧತಿ ಬೇಕಾದವರು ಆರಿಸಿಕೊಳ್ಳುವಂಥದ್ದು, ಹೆಚ್ಚು ಜನ ಆರಿಸಿಕೊಳ್ಳಲೂ ಇಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2023-24ರಿಂದ ಅದೇ ತಾನಾಗಿ ಅನ್ವಯವಾಗುವ ಪದ್ಧತಿ ಆಯಿತು, ಹಳೆಯದು ಬೇಕಾದರೆ ನಾವೇ ಕೇಳಿ ಪಡೆಯಬೇಕು. 2025ರ ಬಜೆಟ್‌ನಲ್ಲಿ ತೆರಿಗೆ ಇಲ್ಲದ ಮಿತಿಯನ್ನು 12 ಲಕ್ಷಕ್ಕೆ ಏರಿಸಿದ ಮೇಲಂತೂ ನಮ್ಮಂಥವರಿಗೆ ಹಳೆಯ ಪದ್ಧತಿಯ ಕಡೆ ತಿರುಗಿ ನೋಡುವ ಹಾಗೇ ಇಲ್ಲ. ಹಳೆಯದರಲ್ಲಿ ಯೂನಿಫಾರಂ ವಿನಾಯಿತಿ ಇನ್ನೂ ಇದೆಯಲ್ಲ, ಅದನ್ನೇ ತಗೊಳ್ಳಿ ಅಂತ ಕೆಲವರು ಹೇಳುತ್ತಾರೆ. ಮೇಲೆ ಹೇಳಿದ ಅದೇ 13 ಲಕ್ಷದ ಸಿಸ್ಟರ್ ಹಳೆಯ ಪದ್ಧತಿಗೆ ಹೋದರೆ, ಯೂನಿಫಾರಂ 27,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ ಒಂದೂವರೆ ಲಕ್ಷ ಎಲ್ಲ ಕಳೆದ ಮೇಲೂ 1,39,776 ರೂಪಾಯಿ ತೆರಿಗೆ ಬರುತ್ತದೆ. 26,000 ಉಳಿಸಲು ಹೋಗಿ ಒಂದು ಲಕ್ಷಕ್ಕೂ ಮೇಲೆ ಜಾಸ್ತಿ ಕಟ್ಟಬೇಕು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ. ಮನೆ ಸಾಲ, ಬಾಡಿಗೆ ಎಲ್ಲ ಇದ್ದವರಿಗೆ ಲೆಕ್ಕ ಸ್ವಲ್ಪ ಬೇರೆ ಆಗಬಹುದು. ಆದರೆ ಯೂನಿಫಾರಂ ವಿನಾಯಿತಿಗಾಗಿ ಹಳೆಯದಕ್ಕೆ ಹೋಗುವವರು ಯಾರೂ ಇಲ್ಲ.

ಇದಕ್ಕೆ ಬರುವ ಉತ್ತರ ಒಂದೇ, ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕೊಟ್ಟಿದ್ದೇವಲ್ಲ, ಎಲ್ಲ ಅದರಲ್ಲೇ ಬಂತು ಅಂತ. ಬರಲಿಲ್ಲ. 2018ರ ಬಜೆಟ್‌ನಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 40,000 ಅಂತ ಮತ್ತೆ ತಂದಾಗ ಅದು ಬಂದಿದ್ದು 19,200ರ ಸಾರಿಗೆ ಭತ್ಯೆ ಮತ್ತು 15,000ದ ವೈದ್ಯಕೀಯ ಮರುಪಾವತಿಯ ಬದಲಿಗೆ. ಯೂನಿಫಾರಂ ಬದಲಿಗೆ ಅಲ್ಲ. ಅದಾದ ಮೇಲೂ ಯೂನಿಫಾರಂ ವಿನಾಯಿತಿ ಬೇರೆಯಾಗಿ ಇದ್ದೇ ಇತ್ತು. ಅಷ್ಟೇ ಅಲ್ಲ, 75,000 ಸಿಗುವುದು ತನ್ನ ಇಷ್ಟದ ಪ್ಯಾಂಟು ಷರ್ಟು ಹಾಕಿಕೊಂಡು ಎಸಿ ಆಫೀಸಿಗೆ ಹೋಗುವವರಿಗೂ, ಮನೆಯಿಂದ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರಿಗೂ. ಅವರಿಗೆ ಸಿಗಲಿ, ನನಗೆ ಹೊಟ್ಟೆಯುರಿ ಇಲ್ಲ. ಆದರೆ ಅದರಲ್ಲಿ ನನ್ನ ಯೂನಿಫಾರಂ ಖರ್ಚೂ ಸೇರಿದೆ ಅಂದರೆ ಹೇಗೆ? ಇನ್ನೊಂದು ಮಾತು. ಪ್ರವಾಸ ಹೋಗುವ ಅಧಿಕಾರಿಗೆ 75,000ವೂ ಸಿಗುತ್ತದೆ, ಪ್ರವಾಸದ ದಿನಭತ್ಯೆಗೆ ವಿನಾಯಿತಿಯೂ ಸಿಗುತ್ತದೆ. ಅವರಿಗೆ ಎರಡೂ ಕೊಡಬಹುದಾದರೆ ನಮಗೆ ಯಾಕಿಲ್ಲ?

ಇನ್ನು ದುರುಪಯೋಗದ ಮಾತು. ಇದರಲ್ಲಿ ನಿಜ ಇದೆ, ಮುಚ್ಚಿಡುವುದಿಲ್ಲ. ಖಾಸಗಿ ಕಂಪನಿಗಳಲ್ಲಿ ಸಂಬಳವನ್ನೇ ಒಡೆದು ಒಂದು ತುಂಡಿಗೆ ಯೂನಿಫಾರಂ ಅಲೋಯನ್ಸ್ ಅಂತ ಹೆಸರಿಟ್ಟು, ಮಾಲ್‌ನಲ್ಲಿ ಕೊಂಡ ಷರ್ಟಿನ ಬಿಲ್ಲು ತೋರಿಸಿ ತೆರಿಗೆ ಉಳಿಸುವ ಅಭ್ಯಾಸ ಬಹಳ ವರ್ಷದಿಂದ ಇತ್ತು. ನಿಯಮದಲ್ಲಿ ಮೇಲ್ಮಿತಿ ಇಲ್ಲದ್ದೂ ಅದಕ್ಕೆ ಒಂದು ಕಾರಣ. ಅಂಥವರನ್ನು ತಡೆಯಬೇಕಾದ್ದೇ. ಆದರೆ ಅದಕ್ಕಾಗಿ ನಿಜವಾದ ಯೂನಿಫಾರಂ ಹಾಕುವವರನ್ನೂ ಹೊರಗೆ ತಳ್ಳುವುದು ಯಾವ ನ್ಯಾಯ? ಮನೆಗೂ ಆಫೀಸಿಗೂ ಹಾಕಬಹುದಾದ ಬಟ್ಟೆ ಯೂನಿಫಾರಂ ಅಲ್ಲ ಅಂತ ಒಂದು ಸಾಲು ಬರೆದರೆ ಆಯಿತು. ಬ್ರಿಟನ್‌ನಲ್ಲಿ ಆನ್ ಮಲಾಲ್ಯೂ ಅನ್ನುವ ಮಹಿಳಾ ಬ್ಯಾರಿಸ್ಟರ್ ಕೋರ್ಟಿಗೆ ಹಾಕುವ ಕಪ್ಪು ಬಟ್ಟೆಯ ಖರ್ಚನ್ನು ಕಳೆಯಿರಿ ಅಂತ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಗಿ 1983ರಲ್ಲಿ ಸೋತರು. ಮೈ ಮುಚ್ಚಲು, ಮರ್ಯಾದೆಗೆ ಅಂತ ಎಲ್ಲರೂ ಹಾಕಬಹುದಾದ ಬಟ್ಟೆ ಅದು ಅಂತ ತೀರ್ಪಾಯಿತು. ಆ ಗೆರೆ ಸರಿಯಾಗಿಯೇ ಇದೆ. ನನ್ನ ಬಟ್ಟೆ ಆ ಗೆರೆಯ ಈಚೆಗೆ ಇದೆ, ಅಷ್ಟೇ ನಾನು ಹೇಳುವುದು.

ಅದೇ ಬ್ರಿಟನ್‌ನಲ್ಲಿ ನರ್ಸ್‌ಗಳಿಗೆ ಏನು ಮಾಡಿದ್ದಾರೆ ನೋಡಿ. ಮಂಗಳೂರು, ಉಡುಪಿ ಕಡೆಯ ಕಾಲೇಜುಗಳಲ್ಲಿ ಓದಿದ ನಮ್ಮ ಹುಡುಗಿಯರು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗಳಲ್ಲಿ ಇದ್ದಾರೆ. ಯೂನಿಫಾರಂ ಅನ್ನು ತಾವೇ ಒಗೆದುಕೊಳ್ಳುವ ನರ್ಸ್‌ಗೆ ವರ್ಷಕ್ಕೆ 125 ಪೌಂಡ್ ಅಂತ ಅಲ್ಲಿನ ತೆರಿಗೆ ಇಲಾಖೆ ನಿಗದಿ ಮಾಡಿದೆ, ಅಷ್ಟನ್ನು ಆದಾಯದಿಂದ ಕಳೆಯುತ್ತಾರೆ. ಪ್ರತ್ಯೇಕ ದರ ಇಲ್ಲದ ಬೇರೆ ಯೂನಿಫಾರಂ ಕೆಲಸಗಳಿಗೆ 60 ಪೌಂಡ್. ಶೇ 20ರ ತೆರಿಗೆ ಕಟ್ಟುವ ನರ್ಸ್‌ಗೆ ಉಳಿಯುವುದು 25 ಪೌಂಡ್. ದೊಡ್ಡ ಮೊತ್ತವೇನಲ್ಲ. ಆದರೆ ಅದು ಕೆಲಸದ ಖರ್ಚು ಅಂತ ಒಪ್ಪಿದ್ದಾರೆ.

ಆಸ್ಟ್ರೇಲಿಯಾದವರ ಲೆಕ್ಕ ನನಗೆ ಇನ್ನೂ ಇಷ್ಟ. ಕೆಲಸದ ಬಟ್ಟೆ ಮಾತ್ರ ಹಾಕಿ ಮೆಷಿನ್ ಓಡಿಸಿದರೆ ಒಂದು ಲೋಡಿಗೆ ಒಂದು ಡಾಲರ್. ಮನೆ ಬಟ್ಟೆ ಜೊತೆ ಸೇರಿಸಿ ಹಾಕಿದರೆ 50 ಸೆಂಟ್. ಒಗೆಯುವ ಖರ್ಚು ವರ್ಷಕ್ಕೆ 150 ಡಾಲರ್ ಒಳಗಿದ್ದರೆ ಬಿಲ್ಲು ಬೇಡ, ಹೇಗೆ ಲೆಕ್ಕ ಹಾಕಿದಿರಿ ಅಂತ ಹೇಳಿದರೆ ಸಾಕು. ಒಗೆಯುವವರ ಕಷ್ಟ ಗೊತ್ತಿರುವ ಯಾರೋ ಬರೆದ ನಿಯಮ ಅನ್ನಿಸುತ್ತದೆ. ಯಾಕೆ ಅಂದರೆ ಒಗೆಯುವುದಕ್ಕೆ ಬಿಲ್ಲು ಎಲ್ಲಿಂದ ತರುವುದು? ಮನೆಯ ನಲ್ಲಿ ನೀರಿಗೆ, ಗೀಸರ್ ಕರೆಂಟಿಗೆ ಬೇರೆ ಬಿಲ್ಲು ಬರುತ್ತದಾ? ಬೀದಿ ತುದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುವವರನ್ನು ರಸೀದಿ ಕೊಡಿ ಅಂತ ಕೇಳಲು ಆಗುತ್ತದಾ? ನಮ್ಮ ಹಳೆಯ ಪದ್ಧತಿಯಲ್ಲಿ ಖರ್ಚು ಮಾಡಿದಷ್ಟಕ್ಕೆ ಮಾತ್ರ ವಿನಾಯಿತಿ ಅನ್ನುತ್ತಾರೆ, ಲೆಕ್ಕ ತೋರಿಸಿ ಅಂದರೆ ಏನು ತೋರಿಸುವುದು ಅಂತ ಗೊತ್ತಾಗದೆ ಎಷ್ಟೋ ಜನ ಆ ವಿನಾಯಿತಿಯನ್ನು ಕೇಳದೇ ಬಿಟ್ಟವರಿದ್ದಾರೆ. ಹಾಗಾಗಿ ಹಳೆಯದನ್ನೇ ತಂದು ಹೊಸದಕ್ಕೆ ಅಂಟಿಸಿ ಅಂತ ನಾನು ಕೇಳುತ್ತಿಲ್ಲ. ಒಂದು ಮಿತಿ ಹಾಕಿ. ಆ ಮಿತಿಯೊಳಗೆ ಬಿಲ್ಲು ಕೇಳಬೇಡಿ.

ಅಮೆರಿಕದಲ್ಲಿ 2018ರಿಂದ ನೌಕರರು ಕೈಯಿಂದ ಹಾಕಿದ ಯೂನಿಫಾರಂ ಖರ್ಚಿಗೆ ಫೆಡರಲ್ ತೆರಿಗೆಯಲ್ಲಿ ವಿನಾಯಿತಿ ಇಲ್ಲ, ಅದನ್ನು ಯಾರಾದರೂ ಎತ್ತಿ ತೋರಿಸಬಹುದು. ಆದರೆ ಅಲ್ಲೂ ಮಾಲೀಕರು ಸರಿಯಾದ ಲೆಕ್ಕದ ಮೇಲೆ ಆ ಖರ್ಚನ್ನು ತುಂಬಿಕೊಟ್ಟರೆ ಅದು ನೌಕರರ ಆದಾಯವಲ್ಲ. ನಮ್ಮಲ್ಲಿ ಮಾಲೀಕರೇ, ಅದೂ ಸರ್ಕಾರವೇ ತುಂಬಿಕೊಟ್ಟದ್ದಕ್ಕೂ ತೆರಿಗೆ.

ನಮ್ಮ ದೇಶದ್ದೇ ಇನ್ನೊಂದು ಕಾನೂನು ಇದೆ. 2019ರ ವೇತನ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿಗೆ ಬಂತು. ವೇತನ ಅಂದರೆ ಏನು ಅಂತ ಹೇಳುವಾಗ, ಕೆಲಸದ ಸ್ವರೂಪದಿಂದಾಗಿ ಬೀಳುವ ವಿಶೇಷ ಖರ್ಚನ್ನು ತುಂಬಲು ಕೊಟ್ಟ ಮೊತ್ತ ವೇತನವಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆಯಲ್ಲೂ ಹೆಚ್ಚು ಕಡಿಮೆ ಇದೇ ಮಾತು ಇತ್ತು. ಒಂದು ಇಲಾಖೆ ಇದು ವೇತನವಲ್ಲ ಅನ್ನುತ್ತದೆ, ಇನ್ನೊಂದು ಇಲಾಖೆ ಇದು ಆದಾಯ ಅನ್ನುತ್ತದೆ, ಎರಡೂ ಒಂದೇ ಸರ್ಕಾರದವು.

ಸರಿಪಡಿಸಲು ಸಂಸತ್ತಿನಲ್ಲಿ ಕಾಯ್ದೆ ತಿದ್ದುವುದೇ ಬೇಕಿಲ್ಲ. ಹೊಸ ಪದ್ಧತಿಯಲ್ಲಿ 10(14)ರ ಯಾವ ಭತ್ಯೆಗಳನ್ನು ಉಳಿಸಬೇಕು ಅನ್ನುವುದನ್ನು ನಿಯಮದ ಮೂಲಕ ಹೇಳಲು 1961ರ ಕಾಯ್ದೆಯೇ ಅವಕಾಶ ಕೊಟ್ಟಿತ್ತು, 2020ರ ಜೂನ್‌ನಲ್ಲಿ ಮಾಡಿದ್ದೂ ಅದನ್ನೇ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಅದರಲ್ಲಿ ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ, ಭಾಷೆ ಸರಳ ಮಾಡಿದ್ದೇವೆ ಅನ್ನುತ್ತಾರೆ. ಪ್ರವಾಸ ಭತ್ಯೆ, ದಿನಭತ್ಯೆಗಳ ಪಕ್ಕದಲ್ಲಿ ಯೂನಿಫಾರಂ ಅನ್ನುವುದನ್ನೂ ಸೇರಿಸಲು ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ.

ತೆರಿಗೆಯನ್ನೇ ಕಟ್ಟದಷ್ಟು ಕಡಿಮೆ ಸಂಬಳದವರ ಬಗ್ಗೆಯೂ ಹೇಳದೆ ಇರಲಾರೆ, ಅವರ ನಷ್ಟ ನಮ್ಮದಕ್ಕಿಂತ ಜಾಸ್ತಿ. ನಾನು ಕೆಲಸ ಮಾಡಿದ ಕಡೆಗಳಲ್ಲಿ ಹೌಸ್‌ಕೀಪಿಂಗ್ ಮಾಡುವ ಹೆಂಗಸರು, ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿಯವರು ಬಹುತೇಕ ಗುತ್ತಿಗೆಯವರು. ಹೊಸದಾಗಿ ಸೇರಿದ ಒಬ್ಬ ಅಮ್ಮ ಮೊದಲ ತಿಂಗಳ ಸಂಬಳದ ಚೀಟಿ ತಂದು ನನ್ನ ಕೈಗೆ ಕೊಟ್ಟು ಓದಿ ಹೇಳು ಮಗಳೇ ಅಂದರು. ಯೂನಿಫಾರಂ ಬಾಬ್ತು ಅಂತ ಕಡಿತ ಮಾಡಿದ್ದರು. ಒಗೆಯಲು ಕೊಡುವುದು ಹಾಗಿರಲಿ, ಬಟ್ಟೆಯ ದುಡ್ಡನ್ನೇ ಸಂಬಳದಿಂದ ಹಿಡಿದುಕೊಂಡಿದ್ದರು. ನಾನು ಸೂಪರ್‌ವೈಸರ್‌ನನ್ನು ಕೇಳಿದೆ, ಎಲ್ಲರಿಗೂ ಹಾಗೇ ಸಿಸ್ಟರ್ ಅಂದ. ಅದೇ ವೇತನ ಸಂಹಿತೆಯ 18ನೇ ಸೆಕ್ಷನ್ ಪ್ರಕಾರ ಕಾನೂನು ಒಪ್ಪಿದ ಕಾರಣ ಬಿಟ್ಟು ಬೇರೆ ಯಾವುದಕ್ಕೂ ಸಂಬಳದಿಂದ ಹಿಡಿಯುವ ಹಾಗಿಲ್ಲ. ಇವರಿಗೆ ತೆರಿಗೆ ವಿನಾಯಿತಿಯಿಂದ ಏನೂ ಸಿಗುವುದಿಲ್ಲ ನಿಜ. ಇವರಿಗೆ ಬೇಕಾದ್ದು ಬಟ್ಟೆ ಉಚಿತವಾಗಿ ಸಿಗುವುದು ಮತ್ತು ಒಗೆಯಲು ತಿಂಗಳಿಗೆ ಇಷ್ಟು ಅಂತ ಕೈಗೆ ಬರುವುದು. ರಾಜ್ಯದ ಕಾರ್ಮಿಕ ಇಲಾಖೆ ಗುತ್ತಿಗೆ ಏಜೆನ್ಸಿಗಳ ಸಂಬಳದ ಚೀಟಿಗಳನ್ನು ತರಿಸಿ ನೋಡಲಿ, ಯೂನಿಫಾರಂ ಅನ್ನುವ ಕಡಿತ ಎಷ್ಟು ಚೀಟಿಗಳಲ್ಲಿ ಇದೆ ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಯೂನಿಫಾರಂ ಹಾಕಿ ದುಡಿಯುವ ಓದುಗರಲ್ಲಿ ಒಂದು ಕೋರಿಕೆ. ಆಫೀಸಿನವರು ಕೊಡುವ ಸಂಬಳ ಮತ್ತು ತೆರಿಗೆ ಕಡಿತದ ಪ್ರಮಾಣಪತ್ರ, ಅಂದರೆ ನಿಮ್ಮ 2025-26ರ ಫಾರಂ 16 ತೆಗೆದು ನೋಡಿ. ಸೆಕ್ಷನ್ 10ರ ಅಡಿ ವಿನಾಯಿತಿ ಪಡೆದ ಭತ್ಯೆಗಳು ಅನ್ನುವ ಜಾಗದಲ್ಲಿ ಸೊನ್ನೆ ಇದ್ದು, ಕಳೆಯುವುದನ್ನೆಲ್ಲ ಕಳೆದ ಮೇಲೆ ನಿಮ್ಮ ಆದಾಯ 12 ಲಕ್ಷದಿಂದ 12 ಲಕ್ಷ 70 ಸಾವಿರದ ನಡುವೆ ಇದ್ದರೆ, ಡ್ರೆಸ್ ಅಲೋಯನ್ಸ್ ಕಳೆದು ಇನ್ನೊಮ್ಮೆ ಲೆಕ್ಕ ಹಾಕಿ. ಬಂದ ಅಂಕಿಯನ್ನು ನಿಮ್ಮ ಸಂಘಕ್ಕೆ ಕೊಡಿ, ನಿಮ್ಮ ಕ್ಷೇತ್ರದ ಸಂಸದರಿಗೆ ಬರೆಯಿರಿ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ರಾಜ್ಯಸಭೆಯಲ್ಲಿ ನಮ್ಮ ಕರ್ನಾಟಕವನ್ನೇ ಪ್ರತಿನಿಧಿಸುವವರು, ಅವರಿಗೂ ಬರೆಯಿರಿ. ನಮ್ಮ ಆಸ್ಪತ್ರೆಯ ನರ್ಸ್‌ಗಳು ಸಹಿ ಹಾಕಿದ ಮನವಿಯೊಂದನ್ನು ನಾವು ಸಿದ್ಧ ಮಾಡುತ್ತಿದ್ದೇವೆ, ಬಜೆಟ್ ಪೂರ್ವ ಸಲಹೆಗಳನ್ನು ಕೇಳುವ ಹೊತ್ತಿಗೆ ಅದನ್ನು ಹಣಕಾಸು ಸಚಿವಾಲಯಕ್ಕೆ ಕಳಿಸುತ್ತೇವೆ. ರೈಲ್ವೆಯವರು, ಅರೆಸೇನಾ ಪಡೆಯವರು, ಅಂಚೆಯವರು ತಮ್ಮ ಲೆಕ್ಕವನ್ನೂ ಹೀಗೇ ಬರೆದು ಕಳಿಸಿದರೆ ಇದು ನಾಲ್ಕು ನರ್ಸ್‌ಗಳ ಗೊಣಗಾಟ ಅಂತ ಪಕ್ಕಕ್ಕೆ ಇಡಲು ಅವರಿಗೆ ಆಗುವುದಿಲ್ಲ.

ಇಂತಿ,
ಒಬ್ಬ ನರ್ಸಿಂಗ್ ಆಫೀಸರ್
ಬೆಂಗಳೂರು